ರಿಪೇರಿಯ ರೊಕ್ಕ

ನಮ್ಮತ್ತೆಯವರಿಗೆ ಖರ್ಚು ಬರೆದಿಡುವ ಚಟವಿತ್ತು. ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವರು. ಆದರೆ ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ವಹಿಯಲ್ಲಿ ಆ ದಿನದ ಲೆಕ್ಕ ಬರೆಯದೆ ಎಂದೂ ಹಾಸಿಗೆಗೆ ಹೋದವರಲ್ಲ. ಮುಂದಿನಿಂದ ತೆರೆದರೆ ಕಾಯಿಪಲ್ಲೆ, ಎಣ್ಣೆ, ಬಳೆ, ಮದುವೆಯ ಮುಯ್ಯಿ. ಅದೇ ವಹಿಯನ್ನು ತಿರುವಿ ಹಿಂದಿನಿಂದ ತೆರೆದರೆ ಬೇರೊಂದು ಲೆಕ್ಕ. ಅದಕ್ಕೆ ಅವರು ಕೊಟ್ಟ ತಲೆಬರಹ ಒಂದೇ ಶಬ್ದ: ರಿಪೇರಿ.

ನಾನು 1982ರಲ್ಲಿ ಈ ಗೋಕಾಕದ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಇದನ್ನೇಕೆ ಬೇರೆ ಬರೆಯುತ್ತೀರಿ ಎಂದು ಕೇಳಿದ್ದೆ. "ಹೊಸಾ ಸಾಮಾನ ತಂದದ್ದು ಎಲ್ಲಾರ್ಗೂ ನೆನಪಿರತೈತಿ. ಅದನ್ನ ಜ್ವಾಪಾನ ಮಾಡಿದ್ದು ಯಾರಿಗೂ ನೆನಪಿರೂದಿಲ್ಲ. ಅದಕ್ಕ ಬರದಿಡತೀನಿ" ಅಂದಿದ್ದರು. ಆಗ ನನಗೆ ನಗು ಬಂದಿತ್ತು. ಮನೆಯಲ್ಲಿ ಫ್ರಿಜ್ಜು ಬಂದ ದಿನ ಕುಂಕುಮ ಹಚ್ಚಿ ಕಾಯಿ ಒಡೆಯುತ್ತೇವೆ. ಅದರ ಬಾಗಿಲಿನ ರಬ್ಬರು ಬದಲಿಸಿದ ದಿನ ಯಾರೂ ಕಾಯಿ ಒಡೆಯುವುದಿಲ್ಲವಲ್ಲ!

ಅತ್ತೆಯವರು 2022ರಲ್ಲಿ ತೀರಿಕೊಂಡರು. ಹೋದ ತಿಂಗಳು ಮಿಕ್ಸರ್ ಹೊಗೆಯಾಡಿ ನಿಂತಾಗ, ರಿಪೇರಿ ಅಂಗಡಿಯ ಹುಡುಗ "ವೈಂಡಿಂಗ್ ಹೋಗೈತ್ರಿ ಅಕ್ಕಾರ, ಆರನೂರಾ ಐವತ್ತು ಆಗತೈತಿ" ಅಂದ. ಅದು ಹೆಚ್ಚೋ ಕಡಿಮೆಯೋ ನನಗೆ ತಿಳಿಯಲಿಲ್ಲ. ಅರವತ್ತು ದಾಟಿದ, ಮೂರು ಮಿಕ್ಸರ್ ಸವೆಸಿದ ಹೆಂಗಸಿಗೆ ಇದು ತಿಳಿಯದಿದ್ದರೆ ನಿನ್ನೆ ಮೊನ್ನೆ ಮನೆ ಹೂಡಿದ ಹುಡುಗಿಯರ ಪಾಡೇನು? ಸೀರೆಯ ದರ ನಮಗೆ ಗೊತ್ತು, ಬಂಗಾರದ ದರ ಗೊತ್ತು, ಬೆಂಡೆಕಾಯಿಯದೂ ಗೊತ್ತು. ರಿಪೇರಿಯ ದರ ಮಾತ್ರ ಕೇಳಿದಾಗಲೆಲ್ಲ ಗಂಟಲು ಒಣಗುತ್ತದೆ. ಆ ರಾತ್ರಿ ಟ್ರಂಕಿನಿಂದ ವಹಿ ತೆಗೆದು ಹಿಂದಿನಿಂದ ಓದುತ್ತ ಕುಳಿತೆ.

ಮೊದಲ ಪುಟದಲ್ಲಿ ರೊಕ್ಕವೇ ಇಲ್ಲ. 1959ರ ಬರಹ: "ಬೀಸೂಕಲ್ಲಿಗೆ ಹಲ್ಲು ಹೊಡೆಸಿದ್ದು — ಜೋಳ ಒಂದು ಸೇರು." ಅದರ ಕೆಳಗೆ, "ಕಲಾಯಿ, ಪಾತ್ರೆ ಆರು — ಒಂದು ರೂಪಾಯಿ ಐವತ್ತು ನಯೆ ಪೈಸೆ." ಆಣೆ ಹೋಗಿ ನಯೆ ಪೈಸೆ ಬಂದದ್ದು 1957ರಲ್ಲಿ, ಎರಡು ವರ್ಷದಲ್ಲೇ ಅತ್ತೆಯವರು ಹೊಸ ಲೆಕ್ಕಕ್ಕೆ ಹೊಂದಿಕೊಂಡಿದ್ದರು. ಆದರೆ ಕಲ್ಲು ಹೊಡೆಯುವವಳಿಗೆ ಇನ್ನೂ ಜೋಳವೇ ಸಂದಾಯ. ನನ್ನ ತವರಿನಲ್ಲೂ ಒಬ್ಬ ಹೆಂಗಸು ಉಳಿ, ಸುತ್ತಿಗೆ ಚೀಲದಲ್ಲಿಟ್ಟುಕೊಂಡು ಓಣಿಯಲ್ಲಿ ಕೂಗುತ್ತ ಬರುತ್ತಿದ್ದಳು. ನುಣುಪಾದ ಕಲ್ಲು ಹಿಟ್ಟು ಕೊಡುವುದಿಲ್ಲ, ಬೀಸುವವಳ ರಟ್ಟೆಯನ್ನಷ್ಟೇ ತೆಗೆಯುತ್ತದೆ. ಅವಳು ಕೂತು ಟಕಟಕನೆ ಹೊಡೆದು ಹೋದ ಮರುದಿನ ಅವ್ವನ ಬೀಸುವ ಹಾಡು ಅರ್ಧ ಗಂಟೆ ಮೊದಲೇ ಮುಗಿಯುತ್ತಿತ್ತು. ಮನೆಯ ಯಂತ್ರದ ದುರಸ್ತಿ ಎಂದರೆ ಹೆಂಗಸಿನ ಮೈಯ ನೋವಿನ ದುರಸ್ತಿ ಎಂದು ಆಗಲೇ ತಿಳಿಯಬೇಕಿತ್ತು.

ಆ ಕಾಲಕ್ಕೂ ಹಿಂದೆ ಹೋದರೆ ಹಳ್ಳಿಗಳಲ್ಲಿ ರಿಪೇರಿಗೆ ದರವೆಂಬುದೇ ಇರಲಿಲ್ಲ. ಬಡಿಗ, ಕಮ್ಮಾರ ಇವರೆಲ್ಲ ಊರಿನ ಆಯಗಾರರು. ವರ್ಷವಿಡೀ ಕೂರಿಗೆ, ಕುಂಟೆ, ಬಾಗಿಲು, ಕುಡಗೋಲು ದುರಸ್ತಿ ಮಾಡುವುದು; ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಒಯ್ಯುವುದು. ಅದೇ ಆಯ. ಗಡಿಯಾಚೆಯ ಮರಾಠಿಯವರು ಇದನ್ನೇ ಬಲುತೆ ಅನ್ನುತ್ತಾರೆ. ಕುಡಗೋಲು ವರ್ಷದಲ್ಲಿ ಒಮ್ಮೆ ಮುರಿದರೂ ಅಷ್ಟೇ, ಹತ್ತು ಸಲ ಮುರಿದರೂ ಅಷ್ಟೇ. ಇದರಲ್ಲಿ ಒಂದು ನೆಮ್ಮದಿಯಿತ್ತು, ಒಂದು ಅನ್ಯಾಯವೂ ಇತ್ತು. ಮುರಿದದ್ದು ಮುರಿದಾಗ ಕೈಯಲ್ಲಿ ರೊಕ್ಕವಿಲ್ಲವೆಂದು ಕೂಡಬೇಕಾಗಿರಲಿಲ್ಲ, ಅದು ನೆಮ್ಮದಿ. ಆದರೆ ಮಾಡುವವನು ಇಂಥ ಜಾತಿಯಲ್ಲಿ ಹುಟ್ಟಿದ್ದಕ್ಕೆ ಮಾಡಬೇಕು, ಕೊಟ್ಟಷ್ಟು ತೆಗೆದುಕೊಳ್ಳಬೇಕು, ಇಷ್ಟು ಬೇಕೆಂದು ಬಾಯಿಬಿಟ್ಟು ಕೇಳುವ ಹಕ್ಕಿಲ್ಲ. ನಮ್ಮ ಕಡೆ ಇಂದಿಗೂ ರಿಪೇರಿಯವನು ದರ ಹೇಳಿದರೆ ನಮಗೆ ಸಿಟ್ಟು ಬರುವುದರ ಬೇರು ಅಲ್ಲೆಲ್ಲೋ ಇದ್ದೀತೆಂದು ನನಗೆ ಅನುಮಾನ.

ನಮ್ಮ ಸೀಮೆಗೆ ಯಂತ್ರ ಬಂದದ್ದು ಹೊಳೆಯಿಂದ. ಗೋಕಾಕದ ಜಲಪಾತ ನೋಡದವರು ಕಡಿಮೆ. ಘಟಪ್ರಭೆ ಅಲ್ಲಿ 52 ಮೀಟರು ಕೆಳಗೆ ಧುಮುಕುತ್ತಾಳೆ. ಆ ನೀರಿನ ಬಲವನ್ನೇ ನಂಬಿ 1885ರಲ್ಲಿ ಕಂಪನಿ ಕಟ್ಟಿ, ದಂಡೆಯ ಮೇಲೆ ನೂಲಿನ ಗಿರಣಿ ಎಬ್ಬಿಸಿದರು. ಕೆಳಗೆ ನೀರಿನ ಚಕ್ರ ತಿರುಗುವುದು, ಅದರ ಬಲ ಹಗ್ಗಗಳ ಮೇಲೆ ಏರಿಬಂದು ಮೇಲಿನ ಗಿರಣಿಯನ್ನು ತಿರುಗಿಸುವುದು. ಆರಂಭದಲ್ಲಿ ಏರ್ಪಾಡು ಹೀಗಿತ್ತು. ಏಷ್ಯಾದಲ್ಲೇ ಮೊದಲು ನೀರಿನಿಂದ ಕರೆಂಟು ತೆಗೆದದ್ದು ಇಲ್ಲೇ, 1887ರಲ್ಲಿ, ಎಂದು ನಮ್ಮೂರವರು ಎದೆಯುಬ್ಬಿಸಿ ಹೇಳುತ್ತಾರೆ. ಡಾರ್ಜಿಲಿಂಗಿನವರೂ ಶಿವನಸಮುದ್ರದವರೂ ತಮ್ಮ ತಮ್ಮ ಲೆಕ್ಕ ಹೇಳುತ್ತಾರೆ. ಆ ಜಗಳ ಗಂಡಸರಿಗಿರಲಿ. ನನಗೆ ಬೇಕಾದ ಸಂಗತಿ ಬೇರೆ: ಗಿರಣಿ ಬಂದದ್ದರಿಂದ ನಮ್ಮಲ್ಲಿ ಫಿಟರ್ ಎಂಬ ಮನುಷ್ಯ ಹುಟ್ಟಿದ. ಹಗಲು ಗಿರಣಿಯ ಯಂತ್ರ ಬಿಚ್ಚಿ ಕೂಡಿಸುವವನು ಸಂಜೆ ಓಣಿಯವರ ಸ್ಟೋ, ಹೊಲಿಗೆ ಯಂತ್ರ, ಗಡಿಯಾರ ನೋಡಿಕೊಡುತ್ತಿದ್ದ. ನಮ್ಮ ಮಾವನವರ ಗೆಳೆಯರೊಬ್ಬರು ಹಾಗೆ ಬರುತ್ತಿದ್ದರಂತೆ. ವಹಿಯಲ್ಲಿ ಅವರ ಲೆಕ್ಕ ಹೀಗಿದೆ: "ಹೊಲಿಗೆ ಮಿಶಿನ್ ಎಣ್ಣೆ ಹಾಕಿ ಸರಿ ಮಾಡಿದರು. ರೊಕ್ಕ ಒಲ್ಲೆ ಅಂದರು. ಕರದಂಟು ಕೊಟ್ಟೆ."

ಗಿರಣಿಗೆ ಬಲ ಬಂದ ಎಷ್ಟೋ ಕಾಲದ ಮೇಲೆ ಮನೆಗಳಿಗೆ ಕರೆಂಟು ಬಂದಿತು. ನನ್ನ ತವರಾದ ಹುಕ್ಕೇರಿ ತಾಲೂಕಿನ ಕಥೆ ಇದರಲ್ಲಿ ಬೇರೆಯೇ. ಹಳ್ಳಿಗಳಿಗೆ ಕರೆಂಟು ಮುಟ್ಟಿಸಲು ಕೇಂದ್ರ ಸರಕಾರ 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಕಟ್ಟಿತು. ಅಮೆರಿಕದ ರೈತರು ತಾವೇ ಸಹಕಾರ ಸಂಘ ಮಾಡಿಕೊಂಡು ಕರೆಂಟು ಹಂಚಿಕೊಂಡ ಮಾದರಿಯನ್ನು ನೋಡಿ, ದೇಶದಲ್ಲಿ ಐದು ಕಡೆ ಅಂಥ ಸಂಘಗಳನ್ನು ಪ್ರಯೋಗಕ್ಕೆಂದು ಆರಂಭಿಸಿದರು. ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ, ಮತ್ತು ನಮ್ಮ ಹುಕ್ಕೇರಿ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲೇ ಹುಟ್ಟಿತು. ಬೇರೆ ಕಡೆ ವಿದ್ಯುತ್ ಮಂಡಳಿ, 2002ರಿಂದ ಹೆಸ್ಕಾಂ. ಹುಕ್ಕೇರಿ ತಾಲೂಕಿನಲ್ಲಿ ಮಾತ್ರ ಇಂದಿಗೂ ಸಂಘ. ಕರ್ನಾಟಕದಲ್ಲಿ ಇಂಥದ್ದು ಇದೊಂದೇ.

ನಾನಾಗ ಸಣ್ಣವಳು. ಅಪ್ಪ ಸಂಘದ ಶೇರು ತಗೊಂಡು ಬಂದು, ಚೀಟಿಯನ್ನು ದೇವರ ಜಗುಲಿಯ ಮೇಲಿಟ್ಟು ಅವ್ವನಿಗೆ "ಇನ್ನ ಕರೆಂಟ ನಮ್ಮದ" ಅಂದದ್ದು ನೆನಪಿದೆ. ಅವ್ವನಿಗೆ ಒಂದು ಬಲ್ಬು ಬಂದಿತು, ಅದೂ ಪಡಸಾಲೆಗೆ. ಅಡಿಗೆಮನೆಗೆ ಬಲ್ಬು ಬರಲು ಇನ್ನೆರಡು ವರ್ಷ ಬೇಕಾಯಿತು. ಯಾವ ಯಂತ್ರ ಮೊದಲು ಬರಬೇಕು, ಯಾವುದು ಕೆಟ್ಟರೆ ಮೊದಲು ರಿಪೇರಿಯಾಗಬೇಕು ಎಂಬುದರಲ್ಲಿಯೂ ಮನೆಯ ಒಳಗಿನ ರಾಜಕೀಯವಿದೆ. ಅತ್ತೆಯವರ ವಹಿಯೇ ಸಾಕ್ಷಿ. ರೇಡಿಯೋದ ವಾಲ್ವು ಹೋದದ್ದು 1971ರ ಒಂದು ಸೋಮವಾರ, ಹದಿನೆಂಟು ರೂಪಾಯಿ ಕೊಟ್ಟು ಹಾಕಿಸಿದ್ದು ಬುಧವಾರ. ಧಾರವಾಡ ಆಕಾಶವಾಣಿಯ ವಾರ್ತೆ ಇಲ್ಲದೆ ಮಾವನವರಿಗೆ ಊಟ ಸೇರುತ್ತಿರಲಿಲ್ಲ. ರೇಡಿಯೋ ಇಟ್ಟುಕೊಳ್ಳಲು ಆಗೆಲ್ಲ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸಿನ ರೊಕ್ಕ ಬೇರೆ ತುಂಬಬೇಕಿತ್ತು. ಅದನ್ನೂ ತಪ್ಪದೆ ತುಂಬಿದ್ದಾರೆ. ಅದೇ ವರ್ಷ ಸ್ಟೋವಿನ ಬರ್ನರ್ ಹಾಳಾಗಿ ಅಡಿಗೆಮನೆಯೆಲ್ಲ ಮಸಿ ಹಿಡಿದದ್ದು ಜೂನಿನಲ್ಲಿ, ಹೊಸ ಬರ್ನರ್ ಬಂದದ್ದು ದಸರೆಗೆ.

ಅಡಿಗೆಮನೆಗೆ ನಿಜವಾದ ಯಂತ್ರ ಬಂದದ್ದು ಮಿಕ್ಸರಿನಿಂದ. ಅದರ ಹಿಂದೆಯೂ ಒಂದು ರಿಪೇರಿಯ ಕಥೆಯಿದೆ. ಮಾಧುರಿ ಮಾಥುರ್ ಎಂಬ ಗೃಹಿಣಿ ಜರ್ಮನಿಯ ಮಿಕ್ಸರಿನಲ್ಲಿ ನಮ್ಮ ಮಸಾಲೆ ಅರೆಯಲು ಹೋಗಿ ಅದರ ಮೋಟಾರು ಸುಟ್ಟಿತು. ದುರಸ್ತಿಗೆ ಇಲ್ಲಿ ದಾರಿಯಿರಲಿಲ್ಲ. ಅವರ ಗಂಡ ಸತ್ಯಪ್ರಕಾಶ ಮಾಥುರ್ ಎಂಜಿನಿಯರು. ವಿದೇಶದ ಯಂತ್ರ ನಮ್ಮ ಅರಿಸಿನ, ಕೊಬ್ಬರಿ, ನೆನೆದ ಬೇಳೆಯ ಭಾರ ತಡೆಯುವುದಿಲ್ಲವೆಂದು ಕಂಡು, ಗಟ್ಟಿ ಮೋಟಾರು ಹಾಕಿ ಹೊಸದನ್ನೇ ಮಾಡಿದರು. ಅದೇ ಸುಮೀತ್ ಎಂಬ ಹೆಸರಿನಲ್ಲಿ 1970ರಲ್ಲಿ ಪೇಟೆಗೆ ಬಂದಿತು. ಕೆಟ್ಟ ಯಂತ್ರವನ್ನು ಮೂಲೆಗೆಸೆದು ಸುಮ್ಮನಾಗದ ಒಬ್ಬ ಹೆಂಗಸಿನಿಂದ ನಮ್ಮೆಲ್ಲರ ಒಳಕಲ್ಲು ಹಿತ್ತಲಿಗೆ ಹೋಯಿತು ಎನ್ನಬಹುದು.

ನಮ್ಮ ಮನೆಗೆ ಮಿಕ್ಸರ್ ಬಂದದ್ದು 1985ರಲ್ಲಿ. ಮರುವರ್ಷವೇ ಕಾರ್ಬನ್ನು, ಕಪ್ಲಿಂಗು ಬದಲಿಸಿದ್ದಕ್ಕೆ ಇಪ್ಪತ್ತೈದು ರೂಪಾಯಿ ಬರೆದಿದೆ. 1991ರಲ್ಲಿ ಮೋಟಾರೇ ಸುಟ್ಟಿತು. ಆಗ ಮಾರುಕಟ್ಟೆಯ ಹತ್ತಿರ ಒಂದು ಸಣ್ಣ ಅಂಗಡಿ ಇಟ್ಟಿದ್ದ ಮಿಸ್ತ್ರಿ ಅಣ್ಣ ನೂರಾ ಇಪ್ಪತ್ತು ಕೇಳಿದ. ನಾನು ಜಗ್ಗಾಡಿ, ಮಿಕ್ಸರನ್ನು ಎರಡು ಸಲ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಂತೆ ಮಾಡಿ, ಕಡೆಗೆ ತೊಂಬತ್ತಕ್ಕೆ ಒಪ್ಪಿಸಿದೆ. ಆ ಸಂಜೆ ಓಣಿಯಲ್ಲೆಲ್ಲ ನನ್ನ ಜಾಣತನದ್ದೇ ಸುದ್ದಿ.

ಆ ಮೂವತ್ತು ರೂಪಾಯಿಯಲ್ಲಿ ಏನೇನಿತ್ತೆಂದು ನನಗೆ ತಿಳಿಸಿದ್ದು ಮೂಡಲಗಿ. ನನ್ನ ನಾದಿನಿಯನ್ನು ಕೊಟ್ಟದ್ದು ಅಲ್ಲಿಗೆ. ಆಗ ಅದು ಗೋಕಾಕ ತಾಲೂಕಿನೊಳಗೇ ಇತ್ತು; ಬೇರೆ ತಾಲೂಕಾದದ್ದು ಈಚೆಗೆ. ಬಸ್ಸಿಳಿದರೆ ಕಣ್ಣಿಗೆ ಬೀಳುವುದು ಮೋಟಾರು ರಿವೈಂಡಿಂಗ್ ಅಂಗಡಿ. ಕಾರಣ ಹೊಲದಲ್ಲಿದೆ. ಘಟಪ್ರಭೆಯ ನೀರು, ಬಾವಿ, ಕೊಳವೆಬಾವಿ, ಎಲ್ಲೆಲ್ಲೂ ಕಬ್ಬು. ಕಬ್ಬಿಗೆ ಪಂಪ್‌ಸೆಟ್ಟು. ಬೇಸಿಗೆಯಲ್ಲಿ ಎಲ್ಲ ಪಂಪುಗಳೂ ಒಮ್ಮೆಗೇ ಎಳೆದರೆ ವೋಲ್ಟೇಜು ಇಳಿಯುತ್ತದೆ. ವೋಲ್ಟೇಜು ಇಳಿದರೆ ಅದೇ ಭಾರ ಎತ್ತಲು ಮೋಟಾರು ಹೆಚ್ಚು ಕರೆಂಟು ಎಳೆದು, ಕಾದು, ತಂತಿಯ ಮೇಲಿನ ಎನಾಮಲ್ ಸುಟ್ಟುಕೊಳ್ಳುತ್ತದೆ. ಹೊಲದ ಲೈನಿನಿಂದಲೇ ಮನೆಗೂ ಕರೆಂಟು ಬರುತ್ತಿದ್ದ ಕಾಲದಲ್ಲಿ ಪಂಪಿನ ಜೊತೆಗೆ ನಮ್ಮ ಫ್ಯಾನು, ಮಿಕ್ಸರು, ಫ್ರಿಜ್ಜಿನ ಕಂಪ್ರೆಸರೂ ಸುಡುತ್ತಿದ್ದವು. ಮನೆಯ ಲೈನು ಬೇರೆ, ಪಂಪಿನ ಲೈನು ಬೇರೆ ಮಾಡುವ ನಿರಂತರ ಜ್ಯೋತಿ ಯೋಜನೆ ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಫ್ರಿಜ್ಜಿನ ಪಕ್ಕ ಸ್ಟೆಬಿಲೈಸರು ಇರಲೇಬೇಕಿತ್ತು.

ನಾದಿನಿಯ ಮನೆಯ ಎದುರಿಗೇ ಒಂದು ವೈಂಡಿಂಗ್ ಅಂಗಡಿ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ನಾನು ನೋಡಿದ್ದೇನೆ. ಸುಟ್ಟ ತಂತಿಯನ್ನು ಕತ್ತರಿಸಿ ಕಿತ್ತು ತೆಗೆಯಬೇಕು. ಎಷ್ಟು ಸುತ್ತು, ಎಂಥ ದಪ್ಪದ ತಂತಿ ಎಂದು ಎಣಿಸಿ ಬರೆದುಕೊಳ್ಳಬೇಕು. ಹೊಸ ತಂತಿ ಅಷ್ಟೇ ಸುತ್ತು ಸುತ್ತಿ, ಕಾಗದ ಸೇರಿಸಿ, ದಾರದಿಂದ ಕಟ್ಟಿ, ವಾರ್ನಿಶ್ ಹಚ್ಚಿ, ಕಾಯಿಸಿ ಒಣಗಿಸಬೇಕು. ಒಂದು ಸುತ್ತು ತಪ್ಪಿದರೂ ಮೋಟಾರು ಗುಂಯ್‌ಗುಡುತ್ತದೆ. ಮಿಕ್ಸರಿನ ಮೋಟಾರು ಸಣ್ಣದು, ಆದರೆ ತಂತಿ ಕೂದಲೆಳೆಯಷ್ಟು. ಕಣ್ಣು ಹೋಗುವ ಕೆಲಸ. "ವೈನಿ, ನಾವು ಹಪ್ಪಳ ಮಾಡೂದಕ್ಕಿಂತ ನಾಜೂಕ ನೋಡ ಅದು" ಅಂದಳು ನಾದಿನಿ. ರೊಕ್ಕ ನಿಲ್ಲುವುದು ತಾಮ್ರದ ತೂಕ ಮತ್ತು ಕೈಗೆ ಹಿಡಿಯುವ ಹೊತ್ತು, ಈ ಎರಡರ ಮೇಲೆ. ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿದರೆ ಅಗ್ಗ, ಆದರೆ ಬೇಗ ಕಾಯುತ್ತದೆ. ಕಿತ್ತು ತೆಗೆದ ಹಳೆಯ ತಾಮ್ರಕ್ಕೂ ಗುಜರಿಯಲ್ಲಿ ಬೆಲೆಯಿದೆ. ಮೂವತ್ತು ರೂಪಾಯಿ ಕಡಿಮೆ ಕೊಟ್ಟು ಬಂದವಳಿಗೆ ಇದೊಂದೂ ತಿಳಿದಿರಲಿಲ್ಲ.

1991ರ ನಂತರ ಪೇಟೆ ತೆರೆಯಿತು. ವಾಷಿಂಗ್ ಮಶಿನ್, ಬಣ್ಣದ ಟಿ.ವಿ., ಗೀಜರು, ಓವನ್ನು. ಅವುಗಳ ಜೊತೆ ವಾರಂಟಿ ಎಂಬ ಕಾಗದವೂ ಬಂದಿತು. ರಿಪೇರಿಯವನನ್ನು ಓಣಿಯಲ್ಲಿ ಹುಡುಕುವುದು ಹೋಗಿ ಬೆಳಗಾವಿಗೆ ಫೋನು ಮಾಡುವುದು ಬಂದಿತು. ಬಂದವನು ಬಾಗಿಲಲ್ಲಿ ನಿಂತದ್ದಕ್ಕೇ ಇಷ್ಟು ಎಂಬ ವಿಜಿಟ್ ಚಾರ್ಜು ಬಂದಿತು. ವರ್ಷಕ್ಕೊಮ್ಮೆ ರೊಕ್ಕ ಕಟ್ಟಿದರೆ ವರ್ಷವಿಡೀ ಬಂದು ನೋಡುವ ಕರಾರೂ ಬಂದಿತು. ಅದನ್ನು ಕೇಳಿ ಅತ್ತೆಯವರು ನಕ್ಕಿದ್ದರು: "ಇದು ನಮ್ಮ ಆಯಾನ ಅಲ್ಲೇನ?" ಹೌದು, ಆಯವೇ, ಒಂದೇ ವ್ಯತ್ಯಾಸ. ಊರ ಬಡಿಗ ನಾಳೆ ಬಾವಿಯ ಹತ್ತಿರ ಎದುರಾಗುತ್ತಿದ್ದ. ಕರಾರಿನವನು ಫೋನಿನ ಆಚೆ ಇರುತ್ತಾನೆ. ಒಂದು ಕಂಪನಿಯವರು ಕರಾರಿನ ರೊಕ್ಕ ಕಟ್ಟಿಸಿಕೊಂಡು ಇಡೀ ವರ್ಷದಲ್ಲಿ ಒಮ್ಮೆ ಬಂದು, ಯಂತ್ರದ ಮೇಲಿನ ಧೂಳು ಒರೆಸಿ ಹೋದದ್ದೂ ನಮ್ಮ ವಹಿಯಲ್ಲಿದೆ.

ಇಷ್ಟೆಲ್ಲ ಬರೆದಿಟ್ಟ ವಹಿ 2019ರಲ್ಲಿ ಹೊಳೆಗೆ ಹೋಗುವುದಿತ್ತು.

ಆ ವರ್ಷದ ಆಗಸ್ಟ್ ತಿಂಗಳನ್ನು ಗೋಕಾಕದ ಯಾವ ಹೆಂಗಸೂ ಮರೆಯಲಾರಳು. ಮೇಲೆ ಸಹ್ಯಾದ್ರಿಯಲ್ಲಿ ಎಡೆಬಿಡದ ಮಳೆ, ಹಿಡಕಲ್ ಆಣೆಕಟ್ಟು ತುಂಬಿ ಬಿಟ್ಟ ನೀರು, ಇತ್ತ ಮಾರ್ಕಂಡೇಯವೂ ಉಕ್ಕಿ ಘಟಪ್ರಭೆಗೆ ಸೇರಿದ್ದು, ಎಲ್ಲ ಒಂದಾಗಿ ಊರಿನ ತಗ್ಗಿನ ಓಣಿಗಳು ಮುಳುಗಿದವು. ಮೂಡಲಗಿ ಕಡೆಯ ಹೊಳೆದಂಡೆಯ ಹಳ್ಳಿಗಳೂ ನೀರಿನಲ್ಲಿ ನಿಂತವು. ನಮ್ಮ ಮನೆಯಲ್ಲಿ ಮಂದಿ ಉಳಿದೆವು, ಬಂಗಾರ ಉಳಿಯಿತು, ಅತ್ತೆಯವರ ಟ್ರಂಕು ಮಾಳಿಗೆ ಏರಿತು. ಫ್ರಿಜ್ಜು, ವಾಷಿಂಗ್ ಮಶಿನ್ ಎತ್ತಲು ಆಗಲಿಲ್ಲ. ಟಿ.ವಿ. ಗೋಡೆಯಲ್ಲೇ ಉಳಿಯಿತು. ಮಿಕ್ಸರು, ಇಸ್ತ್ರಿ ಗಡಿಬಿಡಿಯಲ್ಲಿ ಕಟ್ಟೆಯ ಮೇಲೇ ಮರೆತುಹೋದವು. ನೀರು ಇಳಿದು ನಾವು ತಿರುಗಿ ಬಂದಾಗ ಫ್ರಿಜ್ಜು ಅಡಿಗೆಮನೆಯಲ್ಲಿ ಅಂಗಾತ ಮಲಗಿತ್ತು. ಬಾಗಿಲು ತೆರೆದರೆ ಒಳಗೆ ರಾಡಿ. ಮೂವತ್ತು ವರ್ಷ ಒಂದೊಂದಾಗಿ ಕೂಡಿಸಿದ್ದು ಒಂದೇ ವಾರದಲ್ಲಿ ಒಂದೇ ಬಣ್ಣವಾಗಿತ್ತು.

ಐದನೆಯ ದಿನ ಮಿಸ್ತ್ರಿ ಅಣ್ಣ ಬಂದ. ಅದೇ ಮನುಷ್ಯ, ಈಗ ತಲೆ ಪೂರ್ತಿ ಬೆಳ್ಳಗೆ. ಅವನ ಅಂಗಡಿಯೂ ಮುಳುಗಿತ್ತು. ರಿಪೇರಿಗೆಂದು ಮಂದಿ ಇಟ್ಟುಹೋಗಿದ್ದ ಫ್ಯಾನು, ಮಿಕ್ಸರು ಕೂಡ ಅದರೊಳಗೇ ಇದ್ದವು. ಅವರಿಗೆಲ್ಲ ಅವನೇ ಉತ್ತರ ಕೊಡಬೇಕು. ಬಂದವನೇ ಅಂದ ಮೊದಲ ಮಾತು: "ಅಕ್ಕಾರ, ಯಾವುದಕ್ಕೂ ಕರೆಂಟ ಕೊಟ್ಟ ನೋಡಬ್ಯಾಡ್ರಿ. ಒಣಗಿರಬೇಕಂತ ಸ್ವಿಚ್ ಹಾಕಿದ್ರ ಉಳಿಯೂದೂ ಸುಟ್ಟ ಹೋಗತೈತಿ, ಜೀವಕ್ಕೂ ಅಪಾಯ."

ಎಲ್ಲವನ್ನೂ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿಸಿ ಒಂದೊಂದನ್ನೇ ಬಿಚ್ಚಿದ. ಎರಡು ತಾಸು ಹಿಡಿಯಿತು. ಇಸ್ತ್ರಿ ಒಳ್ಳೇ ನೀರಿನಲ್ಲಿ ತೊಳೆದು ಒಣಗಿಸಿದರೆ ಸಾಕು, ಬಳಸುವ ಮೊದಲು ತನಗೊಮ್ಮೆ ತೋರಿಸಬೇಕು. ಮಿಕ್ಸರಿನ ವೈಂಡಿಂಗು ತೊಳೆದು, ಕಾಯಿಸಿ, ಮತ್ತೆ ವಾರ್ನಿಶ್ ಹಚ್ಚಿದರೆ ಉಳಿಯುತ್ತದೆ, ನಾನೂರು ರೂಪಾಯಿ. ವಾಷಿಂಗ್ ಮಶಿನ್ನಿನ ಮೋಟಾರು ಉಳಿದೀತು, ಎಲೆಕ್ಟ್ರಾನಿಕ್ ಬೋರ್ಡು ಉಳಿಯದು. ಹತ್ತು ವರ್ಷದ ಯಂತ್ರಕ್ಕೆ ಹೊಸ ಬೋರ್ಡು ಹಾಕುವುದು ಬೇಡ. ಟಿ.ವಿ.ಯ ಪರದೆಯೊಳಗೆ ನೀರು ಹೋಗಿದೆ. ಪರದೆಯ ಬೆಲೆ ಹೊಸ ಟಿ.ವಿ.ಯ ಹತ್ತಿರ ಹೋಗುತ್ತದೆ, ಬೇಡ. ಫ್ರಿಜ್ಜಿನ ಕಂಪ್ರೆಸರು ಬೆಸುಗೆ ಹಾಕಿ ಮುಚ್ಚಿದ ಡಬ್ಬಿ, ಅದರೊಳಗೆ ನೀರು ಹೋಗಿರಲಿಕ್ಕಿಲ್ಲ. ಆದರೆ ಗೋಡೆಯೊಳಗಿನ ಫೋಮು ರಾಡಿನೀರು ಕುಡಿದಿದೆ. "ತಂಪು ಹಿಡಿಯೂದಿಲ್ಲ, ವಾಸನಿ ಹೋಗೂದಿಲ್ಲ. ಇದಕ್ಕ ರೊಕ್ಕ ಹಾಕಬ್ಯಾಡ್ರಿ."

ಆಮೇಲೆ ಕೈ ತೊಳೆದುಕೊಂಡು, ನೋಡಿದ್ದಕ್ಕೆ ಮುನ್ನೂರು ಕೊಡಿರಿ ಅಂದ.

ನನಗೆ ಮೈಯೆಲ್ಲ ಉರಿಯಿತು. ಸರಕಾರ ನೆರೆ ಸಂತ್ರಸ್ತರಿಗೆ ತತ್ಕಾಲಕ್ಕೆಂದು ಕೊಡುತ್ತಿದ್ದದ್ದು ಹತ್ತು ಸಾವಿರ. ಅದರಲ್ಲಿ ಹಾಸಿಗೆಯಿಂದ ಹಿಡಿದು ಸೌಟಿನವರೆಗೆ ಎಲ್ಲ ಕೊಳ್ಳಬೇಕು. ಮೂರು ದೊಡ್ಡ ಯಂತ್ರ ಆಗುವುದಿಲ್ಲ ಅಂದವನು ಆಗುವುದಿಲ್ಲ ಅಂದದ್ದಕ್ಕೆ ರೊಕ್ಕ ಕೇಳುತ್ತಾನಲ್ಲ! ನಾನು ಬಾಯಿ ತೆರೆಯುವುದರೊಳಗೆ ಅತ್ತೆಯವರು ಸೊಂಟದ ಚೀಲ ಬಿಚ್ಚಿದರು. ಮುನ್ನೂರು ಎಣಿಸಿ ಅವನ ಕೈಗಿಟ್ಟರು. ಅವನು ಹೋದಮೇಲೆ ನನಗೆ ಅಂದರು: "ಆಗತೈತಿ ಅಂದಿದ್ರ ನೀ ಮೂರು ಸಾವಿರ ಕೊಡತಿದ್ದಿ, ನಗತಾ ಕೊಡತಿದ್ದಿ. ಆಗೂದಿಲ್ಲಂತ ಹೇಳಾಕ ಹೆಚ್ಚಿನ ವಿದ್ಯಾ ಬೇಕು ನೋಡವಾ. ಆವತ್ತ ಅವನ ಮನ್ಯಾಗೂ ಒಲಿ ಹತ್ತಿರಲಿಲ್ಲ."

ಅದೇ ವಾರ ಪಕ್ಕದ ಓಣಿಗೆ ಎಲ್ಲಿಂದಲೋ ಬಂದ ಇಬ್ಬರು ಹುಡುಗರು ಫ್ರಿಜ್ಜು "ಸರ್ವಿಸ್" ಮಾಡಿಕೊಡುತ್ತೇವೆಂದು ಮನೆಗೆ ಎರಡೂವರೆ ಸಾವಿರದಂತೆ ಒಯ್ದರು. ಒಂಬತ್ತು ದಿನ ನಡೆದು ನಿಂತಿತು. ಅವರನ್ನು ಮತ್ತೆ ಯಾರೂ ಕಂಡಿಲ್ಲ. 2021ರಲ್ಲಿ, 2024ರಲ್ಲಿ ಹೊಳೆ ಮತ್ತೆ ಏರಿದಾಗ ನಮ್ಮ ಓಣಿಯವರು ಮೊದಲು ಮಾಡಿದ ಕೆಲಸ ಮಿಕ್ಸರು, ಇಸ್ತ್ರಿಯನ್ನು ಮಾಳಿಗೆಗೆ ಸಾಗಿಸಿದ್ದು.

ಅತ್ತೆಯವರು ಹೋದ ಮೇಲೆ ವಹಿ ನನ್ನ ಕೈಗೆ ಬಂದಿದೆ. ಈ ಎರಡು ಮೂರು ವರ್ಷಗಳಲ್ಲಿ ನಾನು ಗೋಕಾಕದಲ್ಲಿ, ನಾದಿನಿ ಮೂಡಲಗಿಯಲ್ಲಿ, ತಮ್ಮನ ಹೆಂಡತಿ ಹುಕ್ಕೇರಿಯಲ್ಲಿ ಕೊಟ್ಟದ್ದನ್ನು ಅದರಲ್ಲಿ ಕೂಡಿಸಿ ಬರೆದಿದ್ದೇನೆ. ನಿಮ್ಮೂರಿನಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಫ್ಯಾನು ನಿಧಾನವಾದರೆ ಹೆಚ್ಚಾಗಿ ಕೆಪಾಸಿಟರು. ಕೂಲಿ ಸೇರಿ 150ರಿಂದ 200. ಫ್ಯಾನು ರಿವೈಂಡಿಂಗಿಗೆ 350ರಿಂದ 500. ಮಿಕ್ಸರಿನ ಕಾರ್ಬನ್ನು, ಕಪ್ಲಿಂಗಿಗೆ 100ರಿಂದ 250. ವೈಂಡಿಂಗಿಗೆ 600ರಿಂದ 900. ಇಸ್ತ್ರಿಯ ಕಾಯಿಲ್ಲು 200ರ ಆಸುಪಾಸು. ಗೀಜರಿನ ಕಾಯಿಲ್ಲು 700ರಿಂದ 1,200. ನಮ್ಮ ಕೊಳವೆಬಾವಿಯ ಗಡಸು ನೀರಿಗೆ ಅದು ಬೇಗ ಹೋಗುತ್ತದೆ. ಫ್ರಿಜ್ಜಿಗೆ ಗ್ಯಾಸು ತುಂಬಲು 2,000ದಿಂದ 3,000. ಕಂಪ್ರೆಸರು ಬದಲಿಸಲು 5,000ದಿಂದ 8,000. ವಾಷಿಂಗ್ ಮಶಿನ್ನಿನ ನೀರು ಹೊರಹಾಕುವ ಪಂಪಿಗೆ 1,000ದಿಂದ 1,500. ಕಂಪನಿಯವರು ಬಂದರೆ ನೋಡುವುದಕ್ಕೇ 300ರಿಂದ 600, ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಹಾಗಾಗಿ ಆ ಹುಡುಗ ಕೇಳಿದ ಆರನೂರಾ ಐವತ್ತು ನ್ಯಾಯವಾಗಿಯೇ ಇತ್ತು.

ದರಕ್ಕಿಂತ ಮುಖ್ಯವಾದದ್ದು ಕೇಳುವ ರೀತಿ. ಬಿಚ್ಚುವ ಮೊದಲು, ನೋಡುವುದಕ್ಕೆಷ್ಟು, ಸರಿಮಾಡುವುದಕ್ಕೆಷ್ಟು ಎಂದು ಎರಡನ್ನೂ ಬೇರೆ ಬೇರೆ ಕೇಳಬೇಕು. ತೆಗೆದ ಹಳೆಯ ಭಾಗವನ್ನು ಕೈಗೆ ಕೊಡಲು ಹೇಳಬೇಕು. ವೈಂಡಿಂಗಿಗೆ ತಾಮ್ರವೋ ಅಲ್ಯೂಮಿನಿಯಮ್ಮೋ ಕೇಳಬೇಕು. ಫ್ರಿಜ್ಜಿನ ಗ್ಯಾಸು ಎಣ್ಣೆಯಂತೆ ಬಳಸಿ ಮುಗಿಯುವುದಲ್ಲ, ಎಲ್ಲೋ ಸೋರಿರಬೇಕು. ಸೋರುವ ಜಾಗ ತೋರಿಸಿ, ಮುಚ್ಚಿ, ಆಮೇಲೆ ತುಂಬಿ ಎನ್ನಬೇಕು. ಜಿ.ಎಸ್.ಟಿ. ಹಚ್ಚುವವರ ಬಿಲ್ಲಿನ ಮೇಲೆ ಅವರ ನಂಬರು ಇರಬೇಕು. ರಿಪೇರಿಯ ಖರ್ಚು ಹೊಸದರ ಅರ್ಧ ದಾಟಿದರೆ, ಯಂತ್ರಕ್ಕೆ ಎಂಟು ಹತ್ತು ವರ್ಷವಾಗಿದ್ದರೆ, ಒಂದು ರಾತ್ರಿ ವಿಚಾರ ಮಾಡಬೇಕು. ನಾದಿನಿ ಇನ್ನೊಂದು ಸೇರಿಸುತ್ತಾಳೆ: ಫ್ಯಾನನ್ನು ಮಳೆಗಾಲದಲ್ಲಿ ಕೊಡಬೇಕು, ಏಪ್ರಿಲಿನಲ್ಲಿ ವೈಂಡಿಂಗಿನವನಿಗೆ ಕಬ್ಬಿನ ಮೋಟಾರು ಬಿಟ್ಟು ತಲೆ ಎತ್ತಲು ಪುರಸೊತ್ತಿರುವುದಿಲ್ಲ.

ಮೋಸವಾದರೆ ಸುಮ್ಮನೆ ಕೂಡಬೇಕಾಗಿಲ್ಲ. ಗ್ರಾಹಕರ ರಕ್ಷಣೆಗೆ 1986ರಲ್ಲೇ ಕಾಯ್ದೆಯಾಯಿತು. 2019ರಲ್ಲಿ ಅದನ್ನು ಹೊಸದಾಗಿ ಬರೆದರು. 1915 ಎಂಬ ನಂಬರಿಗೆ ಫೋನು ಮಾಡಿ ದೂರು ಹೇಳಬಹುದು. ಐದು ಲಕ್ಷದೊಳಗಿನ ವಸ್ತುವಾದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ. ಬಿಡಿಭಾಗ, ಕೈಪಿಡಿ ಜನರಿಗೆ ಸಿಗುವಂತೆ ಮಾಡಬೇಕೆಂಬ "ದುರಸ್ತಿಯ ಹಕ್ಕಿನ" ಮಾತು ಕೂಡ 2022ರಿಂದ ಕೇಂದ್ರ ಸರಕಾರದಲ್ಲಿ ಎದ್ದಿದೆ. ಎಲ್ಲಕ್ಕೂ ಬೇಕಾದದ್ದು ಒಂದು ಬಿಲ್ಲು. ಅದನ್ನು ಹಾಲಿನ ಡಬ್ಬಿಯ ಕೆಳಗಿಡದೆ ಒಂದು ವಹಿಯಲ್ಲಿ ಅಂಟಿಸಿಡಿ.

ಕಡೆಗೊಂದು ಮಾತು. ಆ ರಾತ್ರಿ ವಹಿ ಓದುತ್ತ 1991ರ ಪುಟಕ್ಕೆ ಬಂದೆ. ಅತ್ತೆಯವರ ಗುಂಡನೆಯ ಅಕ್ಷರ: "ಮಿಕ್ಸರ್ ವೈಂಡಿಂಗ್. 120 ಕೇಳಿದ. ಸೊಸೆ 90 ಕೊಟ್ಟು ಬಂದಳು. ಬಾಕಿ 30." ನನ್ನ ಜಾಣತನ ಅವರ ಲೆಕ್ಕದಲ್ಲಿ ಬಾಕಿಯಾಗಿತ್ತು. ಎರಡು ಪುಟ ತಿರುವಿದೆ. ನಾಗರ ಪಂಚಮಿಯ ದಿನ, ಉಂಡಿಯ ಸಾಮಾನಿನ ಲೆಕ್ಕದ ಕೆಳಗೆ ಒಂದೇ ಸಾಲು: "ಮಿಸ್ತ್ರಿಯ 30 ಕೊಟ್ಟೆ. ಉಂಡಿ ಐದು." ಮೂವತ್ತು ವರ್ಷ ಒಂದೇ ಮನೆಯಲ್ಲಿ ಇದ್ದೆವು, ಒಂದು ದಿನವೂ ಅದನ್ನು ನನ್ನ ಮುಂದೆ ಆಡಿರಲಿಲ್ಲ.

ಮರುದಿನ ಅಂಗಡಿಗೆ ಹೋಗಿ ಆರನೂರಾ ಐವತ್ತು ಕೊಟ್ಟೆ. ತಾಮ್ರದ್ದೇ ಹಾಕಿದಿಯೇನಪ್ಪಾ ಎಂದು ಕೇಳಿದೆ. "ತಾಮ್ರಾನ ಐತ್ರಿ ಅಕ್ಕಾರ" ಎಂದು ಹುಡುಗ ಮಿಕ್ಸರಿನ ತಳ ಬಿಚ್ಚಿ ತೋರಿಸಿದ. ಗೋಡೆಯ ಮೇಲೆ ಅವನಪ್ಪ ಮಿಸ್ತ್ರಿ ಅಣ್ಣನ ಫೋಟೋ, ಮೇಲೊಂದು ಹೊಸ ಹಾರ. ಅವನು ತೀರಿಕೊಂಡದ್ದು ನನಗೆ ತಿಳಿದಿರಲಿಲ್ಲ. ಮನೆಗೆ ಬಂದು ಚಟ್ನಿ ಅರೆದು, ವಹಿ ತೆಗೆದು, ಹಿಂದಿನಿಂದ ತೆರೆದು ಬರೆದೆ: "ಮಿಕ್ಸರ್ ವೈಂಡಿಂಗ್ — 650. ಬಾಕಿ ಇಲ್ಲ."